ಸ್ಕ್ಯಾನ್‌ನಾಗ ಏನೂ ಇಲ್ಲಂದ್ರ ದುಗ್ಧಗ್ರಂಥಿ ಯಾಕ ತೆಗೀಬೇಕು?

ಪ್ರಶ್ನೆ: ನಮ್ಮಪ್ಪಗ 66 ವರ್ಷ, ಆಳಂದ ಹತ್ರ ತೊಗರಿ ಬೆಳೀತಾರ. ಪ್ರಾಸ್ಟೇಟ್ ಕ್ಯಾನ್ಸರ್. ಪಿಎಸ್‌ಎ (ಪ್ರಾಸ್ಟೇಟ್‌ದ ರಕ್ತಪರೀಕ್ಷೆ) 24, ಗ್ಲೀಸನ್ (ಕ್ಯಾನ್ಸರ್ ಎಷ್ಟು ಉಗ್ರ ಅನ್ನೋ ಅಂಕ) 8. ಪೆಟ್ ಸ್ಕ್ಯಾನ್‌ನಾಗ ಬ್ಯಾರೆ ಕಡೆ ಹಬ್ಬಿಲ್ಲ ಅಂದಾರ. ಆದ್ರೂ ಆಪರೇಷನ್‌ದಾಗ ದುಗ್ಧಗ್ರಂಥಿನೂ (ಲಿಂಫ್ ನೋಡ್, ರೋಗ ತಡೆಯೋ ಸಣ್ಣ ಗಂಟು) ತೆಗೀತೀವಿ ಅಂತಾರ. ಯಾಕ್ರೀ ಡಾಕ್ಟ್ರೇ?
— ಓದುಗ, ಕಲಬುರಗಿ ಜಿಲ್ಲೆ

ಉತ್ತರ: ತೊಗರಿ ಕಾಯಿ ಹೊರಗಿಂದ ಹಸಿರಾಗಿ ಚೆಂದ ಕಾಣತದ, ಸುಲಿದಾಗಷ್ಟೇ ಹುಳ ಸಿಗತದ. ಇದನ್ನ ನಿಮ್ಮಪ್ಪನಿಗೆ ಹೇಳ್ರಿ, ನನಗಿಂತ ಬೇಗ ತಿಳೀತಾರ. ದುಗ್ಧಗ್ರಂಥಿಯೊಳಗಿನ ಕೆಲವೇ ಮಿಲಿಮೀಟರ್‌ನ ಕ್ಯಾನ್ಸರ್ ಚುಕ್ಕೆ ಪೆಟ್ ಸ್ಕ್ಯಾನ್ ಕಣ್ಣಿಗೂ ತಪ್ಪಬಹುದು. ಪಿಎಸ್‌ಎ 20 ದಾಟಿದೆ, ಗ್ಲೀಸನ್ 8. ಎರಡೂ ಹೆಚ್ಚಿನ ಅಪಾಯದ ಗುರುತು. ಅದಕ್ಕೇ ಕಿಬ್ಬೊಟ್ಟೆಯ ದೊಡ್ಡ ರಕ್ತನಾಳಗಳ ಸುತ್ತಲಿನ ಗ್ರಂಥಿಗಳನ್ನು ಎರಡೂ ಬದಿಯಿಂದ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡತಾರ. ಅಲ್ಲಿ ಕ್ಯಾನ್ಸರ್ ಸಿಕ್ಕರೆ ಮುಂದೆ ರೇಡಿಯೇಷನ್, ಹಾರ್ಮೋನ್ ಚಿಕಿತ್ಸೆ ಬೇಕೋ ಎಂಬುದು ತೀರ್ಮಾನವಾಗುತ್ತದೆ.

ಗ್ರಂಥಿ ತೆಗೆದರೆ ಆಯುಷ್ಯ ಹೆಚ್ಚುತ್ತದೆ ಅಂತ ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ಅದು ಇನ್ನೂ ಸಾಬೀತಾಗಿಲ್ಲ. ಇದರ ಮುಖ್ಯ ಲಾಭ ರೋಗದ ಹಂತ ಸರಿಯಾಗಿ ತಿಳಿಯುವುದು. ಅಪಾಯ ಕಡಿಮೆ ಇರುವ ರೋಗಿಗೆ ಸಾಮಾನ್ಯವಾಗಿ ನಾವು ಗ್ರಂಥಿ ಮುಟ್ಟುವುದೇ ಇಲ್ಲ.

ತೊಂದರೆಯೂ ಉಂಟು. ಇದೇ ಆಪರೇಷನ್ ಆದ ಮೇಲೆ ನಮ್ಮ ದೊಡ್ಡಪ್ಪನಿಗೆ ಕಿಬ್ಬೊಟ್ಟೆಯಲ್ಲಿ ದುಗ್ಧರಸ (ಈ ಗ್ರಂಥಿಗಳಲ್ಲಿ ಹರಿಯುವ ದ್ರವ) ತುಂಬಿ ನಳಿಕೆ ಹಾಕಬೇಕಾಯಿತು. ಕಟ್ಟೆ ಮೇಲೆ ಕೂತು ನನ್ನನ್ನೇ ಬೈದರು! ಕಾಲು ಬಾವು, ಕಾಲಿನ ರಕ್ತನಾಳದಲ್ಲಿ ಹೆಪ್ಪು ಕೂಡ ಆಗಬಹುದು. ಮನೆಗೆ ಬಂದ ಮೇಲೆ ಒಂದೇ ಕಾಲು ಊದಿ ನೋವಾದರೆ, ಉಸಿರು ಕಟ್ಟಿದರೆ, ಬೆಳಗಾಗಲಿ ಅನ್ನಬೇಡಿ; ಆಗಲೇ ಗಾಡಿ ಹತ್ತಿಸ್ರಿ.