ನೆಟ್ಟ ಕೂದಲು ಉದುರಿತು ಡಾಕ್ಟ್ರೇ, ಈಗೇನು?

ಕಳೆದ ಸಂಚಿಕೆಯಲ್ಲಿ ತಲೆಹೊಟ್ಟಿನ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೊಟ್ಟಿನ ಸುದ್ದಿ ಕಡಿಮೆ, ಹೇರ್ ಟ್ರಾನ್ಸ್‌ಪ್ಲಾಂಟ್ ಸುದ್ದಿ ಜಾಸ್ತಿ. ಹಾಗಾಗಿ ಈ ಸಲ ಪೂರ್ತಿ ಅದೇ. ಹೆಸರು ಹಾಕಬೇಡಿ ಅಂತ ಎಲ್ಲರೂ ಕೇಳಿಕೊಂಡಿದ್ದಾರೆ. ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ನನಗೆ 31 ವರ್ಷ. ಮುಂದಲೆಗೆ 2,400 ಗ್ರಾಫ್ಟ್ (ಬೇರು ಸಮೇತ ತೆಗೆದು ನೆಡುವ ಕೂದಲು) ಹಾಕಿಸಿಕೊಂಡೆ. ಮೊದಲ ಎರಡು ವಾರ ಸಣ್ಣ ಸಣ್ಣ ಕೂದಲು ಕಾಣುತ್ತಿತ್ತು, ಖುಷಿಯಾಗಿತ್ತು. ಮೂರನೇ ವಾರದಿಂದ ದಿಂಬು, ಟವೆಲ್ ಎಲ್ಲ ಕಡೆ ಕೂದಲೇ ಕೂದಲು. ಈಗ ಆರನೇ ವಾರ. ನೆಟ್ಟಿದ್ದೂ ಹೋಯಿತು, ಅಕ್ಕಪಕ್ಕ ಮೊದಲಿಂದ ಇದ್ದದ್ದೂ ತೆಳ್ಳಗಾಯಿತು. ಉದುರಿದ ಕೂದಲಿನ ಬುಡದಲ್ಲಿ ಬಿಳಿ ಗಂಟಿದೆ. ಬೇರೇ ಕಿತ್ತು ಬಂದಿದೆ ಅಲ್ವಾ? ಅಮ್ಮ ಹರಳೆಣ್ಣೆ ಹಚ್ಚು ಅನ್ನುತ್ತಾರೆ. ಮಾಡಿದ ಡಾಕ್ಟರನ್ನು ಕೇಳಿದರೆ ‘ಕಾಯಿರಿ’ ಅಂತ ಒಂದೇ ಮಾತು. — ದಾವಣಗೆರೆ

ಉತ್ತರ: ಆ ಡಾಕ್ಟರು ಹೇಳಿದ್ದು ಸರಿ. ಆದರೆ ಯಾಕೆ ಕಾಯಬೇಕು ಅಂತ ಹೇಳದೇ ಬರೀ ಕಾಯಿರಿ ಅಂದರೆ ಯಾರಿಗೆ ತಾನೇ ನಿದ್ದೆ ಬರುತ್ತದೆ?

ಮೊದಲು ಆ ಬಿಳಿ ಗಂಟಿನ ವಿಷಯ. ಅದು ಬೇರಲ್ಲ. ಬೆಳವಣಿಗೆ ನಿಲ್ಲಿಸಿದ ಕೂದಲಿನ ಬುಡ ಗಟ್ಟಿಯಾಗಿ ಗುಂಡಗಾಗುತ್ತದೆ. ನಿಮ್ಮ ಅಮ್ಮನ ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಬೆಳಕಿಗೆ ಹಿಡಿದು ನೋಡಿ, ಅಲ್ಲೂ ಅದೇ ಗಂಟು ಇರುತ್ತದೆ. ನಿಜವಾದ ಬೇರು, ಅಂದರೆ ಕೂದಲನ್ನು ಹುಟ್ಟಿಸುವ ಚೀಲ, ಚರ್ಮದ ಒಳಗೇ ಉಳಿದಿರುತ್ತದೆ. ಗ್ರಾಫ್ಟ್ ಕಿತ್ತು ಬರುವುದೇನಿದ್ದರೂ ಮೊದಲ ವಾರ, ಹತ್ತು ದಿನದ ಮಾತು. ಹಾಗೆ ಬಂದರೆ ಆ ಜಾಗದಲ್ಲಿ ರಕ್ತ ಕಾಣುತ್ತದೆ. ರಕ್ತ ಬರಲಿಲ್ಲ ಅಂದರೆ ಗ್ರಾಫ್ಟ್ ಹೋಗಿಲ್ಲ ಅಂತಲೇ ನಾವು ಲೆಕ್ಕ ಹಾಕುವುದು. ಹತ್ತು ದಿನ ಕಳೆದು ಹಕ್ಕಳೆಯೆಲ್ಲ ಉದುರಿದ ಮೇಲೆ ನೀವು ಎಳೆದರೂ ಅದು ಬರುವುದಿಲ್ಲ. ಹಾಗಂತ ಎಳೆದು ನೋಡಬೇಡಿ.

ಮತ್ತೆ ಉದುರಿದ್ದು ಯಾಕೆ? ಆ ಬೇರನ್ನು ತಲೆಯ ಹಿಂಭಾಗದಿಂದ ಒಂದು ಮಿಲಿಮೀಟರಿಗಿಂತ ಕಡಿಮೆ ಅಗಲದ ಸೂಜಿಯಿಂದ ಕೊರೆದು ತೆಗೆದಿದ್ದಾರೆ. ಅಷ್ಟು ಹೊತ್ತು ಅದಕ್ಕೆ ರಕ್ತ ಇಲ್ಲ. ಆಮೇಲೆ ಹೊಸ ತೂತಿನಲ್ಲಿ ಕೂರಿಸಿದ್ದಾರೆ. ಇಷ್ಟೆಲ್ಲ ಆದ ಮೇಲೆ ಆ ಬೇರು ತಾನು ಹೊತ್ತಿದ್ದ ಕೂದಲನ್ನು ಬಿಟ್ಟು ವಿಶ್ರಾಂತಿಗೆ ಹೋಗುತ್ತದೆ. ಎರಡರಿಂದ ಆರು ವಾರದೊಳಗೆ ನೆಟ್ಟಿದ್ದರಲ್ಲಿ ಹೆಚ್ಚಿನದು ಉದುರುವುದು ಮಾಮೂಲು. ಕೆಲವರಿಗೆ ಒಂದಷ್ಟು ಉದುರದೇ ಹಾಗೇ ಬೆಳೆಯುತ್ತದೆ, ಅದು ಅವರ ಅದೃಷ್ಟ. ವಿಶ್ರಾಂತಿ ಸುಮಾರು ಮೂರು ತಿಂಗಳು. ಅದಾದ ಮೇಲೆ ಹೊಸ ಕೂದಲು ಶುರು. ಅದೂ ತಿಂಗಳಿಗೆ ಹೆಚ್ಚೂಕಡಿಮೆ ಒಂದು ಸೆಂಟಿಮೀಟರ್ ಮಾತ್ರ. ಯಾವ ಇಂಜೆಕ್ಷನ್ ಹಾಕಿದರೂ ಹದಿನೈದು ದಿನದಲ್ಲಿ ಮುಂದಲೆ ತುಂಬುವುದಿಲ್ಲ.

ನಿಮಗೆ ಮುಂದೆ ಆಗುವುದನ್ನು ಈಗಲೇ ಹೇಳಿಬಿಡುತ್ತೇನೆ. ಎರಡನೇ, ಮೂರನೇ ತಿಂಗಳು ಕನ್ನಡಿಯಲ್ಲಿ ಆಪರೇಷನ್ನಿಗೆ ಮೊದಲು ಇದ್ದದ್ದಕ್ಕಿಂತಲೂ ಕೆಟ್ಟದಾಗಿ ಕಾಣುತ್ತದೆ. ಚರ್ಮ ಇನ್ನೂ ಸ್ವಲ್ಪ ಕೆಂಪಗಿರಬಹುದು. ಮುಟ್ಟಿದರೆ ಜೋಮು ಹಿಡಿದ ಹಾಗೆ ಅನಿಸಬಹುದು. ಅದು ವಾರಗಳು, ಕೆಲವರಿಗೆ ತಿಂಗಳುಗಳೇ ಇದ್ದು ಹೋಗುತ್ತದೆ. ನಡುವೆ ಅಲ್ಲೊಂದು ಇಲ್ಲೊಂದು ಮೊಡವೆಯಂಥ ಗುಳ್ಳೆ ಏಳುತ್ತದೆ, ಹೊಸ ಕೂದಲು ಚರ್ಮ ದಾಟಿ ಬರುವಾಗ ಆಗುವುದು. ಹಿಸುಕಬೇಡಿ, ಉಗುರು ಬೆಚ್ಚಗಿನ ಬಟ್ಟೆ ಇಡಿ. ರಾಶಿ ಗುಳ್ಳೆ ಬಂದು ಕೀವು ತುಂಬಿದರೆ ಮಾತ್ರ ಡಾಕ್ಟರ ಹತ್ತಿರ ಹೋಗಿ. ನಾಲ್ಕನೇ ತಿಂಗಳ ಹೊತ್ತಿಗೆ ಮಗುವಿನ ತಲೆಯಂಥ ಎಳೆ ಕೂದಲು ಕಾಣಿಸುತ್ತದೆ. ತೆಳು, ಬಣ್ಣ ಕಡಿಮೆ, ಕೆಲವೊಮ್ಮೆ ಗುಂಗುರು. ಎಡಗಡೆ ಬಂತು ಬಲಗಡೆ ಬರಲಿಲ್ಲ ಅಂತ ಆಗ ನನ್ನ ಪೇಷಂಟುಗಳು ಮತ್ತೆ ಫೋನ್ ಮಾಡುತ್ತಾರೆ. ಎಲ್ಲ ಬೇರೂ ಒಂದೇ ದಿನ ಏಳುವುದಿಲ್ಲ, ಅಷ್ಟೇ. ಆರು ತಿಂಗಳಿಗೆ ಬರಬೇಕಾದ್ದರಲ್ಲಿ ಸುಮಾರು ಅರ್ಧ. ಒಂದು ವರ್ಷಕ್ಕೆ ಮುಂದಲೆಯ ನಿಜವಾದ ರೂಪ. ನಡುನೆತ್ತಿಗೆ ಹಾಕಿಸಿಕೊಂಡವರಾದರೆ ಒಂದೂವರೆ ವರ್ಷದವರೆಗೂ ಸುಧಾರಿಸುತ್ತಾ ಇರುತ್ತದೆ. ಆದ್ದರಿಂದ ಫೇಲ್ ಆಯಿತೋ ಇಲ್ಲವೋ ಅನ್ನುವ ಪ್ರಶ್ನೆಯನ್ನು ಹನ್ನೆರಡನೇ ತಿಂಗಳಿಗೆ ಮುಂಚೆ ಕೇಳಬೇಡಿ. ಕೇಳಿದರೂ ಯಾರ ಹತ್ತಿರವೂ ಉತ್ತರ ಇರುವುದಿಲ್ಲ.

ಮೊದಲಿಂದ ಇದ್ದ ಕೂದಲು ತೆಳ್ಳಗಾದದ್ದಕ್ಕೆ ಶಾಕ್ ಲಾಸ್ ಅನ್ನುತ್ತೇವೆ. ಪಕ್ಕದಲ್ಲೇ ಅಷ್ಟೊಂದು ತೂತು ಬಿದ್ದದ್ದಕ್ಕೆ ಅವೂ ಬೆದರಿವೆ. ಗಟ್ಟಿ ಕೂದಲಾದರೆ ಕೆಲವೇ ತಿಂಗಳಲ್ಲಿ ವಾಪಸು ಬರುತ್ತದೆ. ಮೊದಲೇ ಸೊರಗಿ ನೂಲಿನಂತಾಗಿದ್ದ ಕೂದಲಾದರೆ ಕೆಲವು ಬರದೇ ಹೋಗಬಹುದು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಇನ್ನು ಹರಳೆಣ್ಣೆ. ಮಲಗಿರುವ ಬೇರನ್ನು ಎಬ್ಬಿಸುವ ಶಕ್ತಿ ಅದಕ್ಕಿಲ್ಲ, ಈರುಳ್ಳಿ ರಸಕ್ಕೂ ಇಲ್ಲ. ಈಗ ಗುಳ್ಳೆ ಏಳುವ ಕಾಲ, ಅಂಟಂಟು ಎಣ್ಣೆ ಅದನ್ನು ಜಾಸ್ತಿ ಮಾಡುತ್ತದೆ. ಅಮ್ಮನಿಗೆ ಬೇಜಾರಾಗಬಾರದು ಅಂದರೆ ದೀಪಾವಳಿಯ ಎಣ್ಣೆಸ್ನಾನದಲ್ಲಿ ಮೈಗೆಲ್ಲ ತಿಕ್ಕಿಸಿಕೊಳ್ಳಿ, ನೆತ್ತಿಗೆ ಮಾತ್ರ ನಾಲ್ಕು ಹನಿ ಕೊಬ್ಬರಿ ಎಣ್ಣೆ ಸಾಕು. ಫೋಟೋ ತೆಗೆಯುವುದಾದರೆ ತಿಂಗಳಿಗೊಂದು, ಅದೇ ಕಿಟಕಿಯ ಬೆಳಕಿನಲ್ಲಿ, ಕೂದಲು ಒಣಗಿದ್ದಾಗ. ಬಚ್ಚಲಿನ ಲೈಟ್ ಕೆಳಗೆ ಒದ್ದೆ ತಲೆ ನೋಡಿಕೊಂಡರೆ ಸಿನಿಮಾ ಹೀರೋ ಕೂಡ ಬೊಕ್ಕನಾಗಿಯೇ ಕಾಣುತ್ತಾನೆ.

ಪ್ರಶ್ನೆ: ಮದುವೆಗೆ ಮೂರು ತಿಂಗಳಿದೆ. ಈಗ ಮಾಡಿಸಿಕೊಂಡರೆ ಮುಹೂರ್ತದ ಹೊತ್ತಿಗೆ ಕೂದಲು ಬಂದಿರುತ್ತದಾ? — ಹಾಸನ

ಉತ್ತರ: ಬೇಡ. ಮೇಲಿನ ಉತ್ತರ ಓದಿ, ಲೆಕ್ಕ ಹಾಕಿ. ಬಾಸಿಂಗ ಕಟ್ಟುವ ದಿನಕ್ಕೆ ಸರಿಯಾಗಿ ನಿಮ್ಮ ತಲೆ ಇಡೀ ವರ್ಷದಲ್ಲೇ ಅತಿ ಕೆಟ್ಟ ಸ್ಥಿತಿಯಲ್ಲಿರುತ್ತದೆ. ಹಿಂಭಾಗದ ಕೂದಲೂ ಆಗ ಪೂರ್ತಿ ಬೆಳೆದಿರುವುದಿಲ್ಲ. ಮೈಸೂರು ಪೇಟ ಎಲ್ಲ ಮುಚ್ಚುತ್ತದೆ ನಿಜ, ಆದರೆ ಆರತಕ್ಷತೆಯಲ್ಲಿ ತೆಗೆಯಲೇಬೇಕಲ್ಲ. ಮದುವೆಗೆ ಕೂದಲು ಬೇಕಿದ್ದವರು ವರ್ಷದ ಮುಂಚೆ ಯೋಚಿಸಬೇಕು. ನೀವು ಮದುವೆ ಮುಗಿಸಿ ಮಾಡಿಸಿಕೊಳ್ಳಿ. ಹುಡುಗಿ ನಿಮ್ಮನ್ನು ಈಗಿರುವ ತಲೆಯಲ್ಲೇ ನೋಡಿ ಒಪ್ಪಿದ್ದಾರೆ ಅಲ್ವಾ? (ನಮ್ಮ ಮನೆಯವರ ತಲೆ ಮದುವೆಯಲ್ಲೇ ಅರ್ಧ ಖಾಲಿಯಿತ್ತು, ಈಗ ಪೂರ್ತಿ. ಕೂದಲಿನ ಡಾಕ್ಟರ ಗಂಡ ಹೀಗಾ ಅಂತ ಕೇಳಿದವರಿಗೆ ಅವರೇ ನಗುತ್ತಾ ಉತ್ತರ ಕೊಡುತ್ತಾರೆ.)

ಪ್ರಶ್ನೆ: ನಮ್ಮ ಯಜಮಾನರಿಗೆ ಟ್ರಾನ್ಸ್‌ಪ್ಲಾಂಟ್ ಆಗಿ ಹತ್ತು ತಿಂಗಳು. ಮುಂದೆ ಚೆನ್ನಾಗಿ ಬಂದಿದೆ. ಬಂತಲ್ಲ ಅಂತ ಮಾತ್ರೆ, ಲೋಷನ್ ಎರಡೂ ನಿಲ್ಲಿಸಿಬಿಟ್ಟರು. ಈಗ ನಡುನೆತ್ತಿ ಖಾಲಿಯಾಗುತ್ತಿದೆ. ಹಾಕಿದ್ದೂ ಹೋಗುತ್ತದಾ? ನಾವು ಮಗುವಿಗೆ ಪ್ರಯತ್ನಿಸುತ್ತಿದ್ದೇವೆ, ಆ ಮಾತ್ರೆಯಿಂದ ತೊಂದರೆ ಇದೆಯಾ? — ಧಾರವಾಡ

ಉತ್ತರ: ಒಳ್ಳೆಯ ಪ್ರಶ್ನೆ. ಹಾಕಿದ್ದು ಹೆಚ್ಚಾಗಿ ಉಳಿಯುತ್ತದೆ, ಹೋಗುತ್ತಿರುವುದು ಹಾಕದೇ ಇದ್ದದ್ದು. ಕಿವಿಯಿಂದ ಕಿವಿಗೆ ಹಿಂಭಾಗದಲ್ಲಿರುವ ಕೂದಲಿಗೆ ಗಂಡಸರ ಬೋಳುತನದ ಹಾರ್ಮೋನ್ ಅಷ್ಟಾಗಿ ತಾಗುವುದಿಲ್ಲ. ಅದಕ್ಕೇ ಎಂಥ ಬೊಕ್ಕತಲೆಯಲ್ಲೂ ಹಿಂದೆ ಒಂದು ಪಟ್ಟಿ ಉಳಿದಿರುತ್ತದೆ. ಅಲ್ಲಿಂದ ತೆಗೆದು ಮುಂದೆ ನೆಟ್ಟರೂ ಅದು ತನ್ನ ಹಳೆಯ ಗುಣವನ್ನೇ ಇಟ್ಟುಕೊಳ್ಳುತ್ತದೆ. ನ್ಯೂಯಾರ್ಕಿನ ನಾರ್ಮನ್ ಓರೆಂಟ್ರೈಕ್ ಅನ್ನುವ ಚರ್ಮವೈದ್ಯರು 1950ರ ದಶಕದಲ್ಲಿ ಇದನ್ನು ಮಾಡಿ ತೋರಿಸಿ, 1959ರಲ್ಲಿ ಪ್ರಕಟಿಸಿದರು. ಇಂದಿನ ಕೂದಲು ಕಸಿಯೆಲ್ಲ ನಿಂತಿರುವುದು ಆ ಒಂದು ವಿಷಯದ ಮೇಲೆ.

ಆದರೆ ನಡುನೆತ್ತಿಯ ಹಳೆಯ ಕೂದಲಿಗೆ ಆ ರಕ್ಷಣೆ ಇಲ್ಲ. ಆಪರೇಷನ್ನು ಬೋಳುತನವನ್ನು ನಿಲ್ಲಿಸುವುದಿಲ್ಲ, ಇದ್ದ ಕೂದಲನ್ನು ಬೇರೆ ಕಡೆ ಹಂಚುತ್ತದೆ, ಅಷ್ಟೇ. ನಿಲ್ಲಿಸುವ ಕೆಲಸ ಮಾತ್ರೆ ಮತ್ತು ಲೋಷನ್ನಿನದು. ಬಿಟ್ಟರೆ, ಅವುಗಳಿಂದ ಉಳಿದಿದ್ದ ಕೂದಲು ವರ್ಷದೊಳಗೆ ಹೊರಟುಹೋಗುತ್ತದೆ. ಇದನ್ನು ಆಪರೇಷನ್ನಿಗೆ ಮುಂಚೆ ಬಿಡಿಸಿ ಹೇಳುವವರು ಕಡಿಮೆ. ಹಾಗಾಗಿ ಮುಂದೆ ಕಾಡು, ಹಿಂದೆ ಬಯಲು ಆದವರನ್ನು ನಾನು ಆಗಾಗ ನೋಡುತ್ತಿರುತ್ತೇನೆ.

ಮಾತ್ರೆ ಅಂದರೆ ಫಿನಾಸ್ಟರೈಡ್ 1 ಮಿಲಿಗ್ರಾಂ ಇರಬೇಕು. ಕೆಲವು ಗಂಡಸರಿಗೆ ಲೈಂಗಿಕ ಆಸಕ್ತಿ ಕುಗ್ಗುವುದು, ವೀರ್ಯದ ಪ್ರಮಾಣ ಇಳಿಯುವುದು, ಮನಸ್ಸು ಮಂಕಾಗುವುದು ಆಗಬಹುದು. ಎಲ್ಲರಿಗೂ ಅಲ್ಲ, ಆದರೆ ಇಲ್ಲವೇ ಇಲ್ಲ ಅನ್ನುವವರ ಮಾತು ನಂಬಬೇಡಿ. ಮಗುವಿಗೆ ಪ್ರಯತ್ನಿಸುತ್ತಿದ್ದೀರಿ ಅಂದಮೇಲೆ ಮತ್ತೆ ಶುರು ಮಾಡುವ ಮುಂಚೆ ಡಾಕ್ಟರ ಹತ್ತಿರ ಇಬ್ಬರೂ ಹೋಗಿ ಮಾತಾಡಿ. ಸದ್ಯಕ್ಕೆ ಮಿನಾಕ್ಸಿಡಿಲ್ ಲೋಷನ್ ಒಂದೇ ಸಾಕು ಅನ್ನಲೂಬಹುದು. ಗರ್ಭಿಣಿಯಾದ ಮೇಲೆ, ಆಗಿರಬಹುದು ಅನ್ನುವ ಅನುಮಾನ ಇದ್ದಾಗಲೂ, ನೀವು ಒಡೆದ ಅಥವಾ ಪುಡಿಯಾದ ಫಿನಾಸ್ಟರೈಡ್ ಮಾತ್ರೆ ಮುಟ್ಟಬಾರದು, ಗಂಡು ಮಗುವಿನ ಬೆಳವಣಿಗೆಗೆ ತೊಂದರೆಯಾದೀತು. ಇನ್ನೆರಡು ಮಾತು. ರಕ್ತದಾನಕ್ಕೆ ಹೋದಾಗ ನಿಮ್ಮ ಯಜಮಾನರು ಈ ಮಾತ್ರೆ ವಿಷಯ ಹೇಳಬೇಕು. ಮುಂದೆ ಎಂದಾದರೂ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಹುಡುಕುವ ಪಿಎಸ್‌ಎ ರಕ್ತಪರೀಕ್ಷೆ ಮಾಡಿಸಿದರೆ ಅಲ್ಲೂ ಹೇಳಬೇಕು. ಈ ಮಾತ್ರೆ ಆ ಅಂಕಿಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ, ರೋಗ ಇದ್ದರೂ ಗೊತ್ತಾಗದೇ ಹೋಗಬಹುದು.

ಪ್ರಶ್ನೆ: ಮಗನಿಗೆ ಕೆಲಸ ಸಿಕ್ಕರೆ ತಿರುಪತಿಯಲ್ಲಿ ಅವನ ಮುಡಿ ಕೊಡಿಸುತ್ತೇನೆ ಅಂತ ಹರಕೆ ಹೊತ್ತಿದ್ದೆ. ಕೆಲಸ ಸಿಕ್ಕಿತು. ಮೊದಲ ಸಂಬಳ ಕೂಡಿಟ್ಟು ಅವನು ಕೂದಲು ಹಾಕಿಸಿಕೊಂಡ! ಈಗ ಐದು ತಿಂಗಳು. ಬೋಳಿಸಿದರೆ ಮತ್ತೆ ಬರುತ್ತದಾ? — ಬಳ್ಳಾರಿ

ಉತ್ತರ: ಪತ್ರ ಓದಿ ನಕ್ಕುಬಿಟ್ಟೆ, ಕ್ಷಮಿಸಿ. ಬರುತ್ತದೆ ತಾಯಿ. ಕೂದಲಿನ ಬೇರು ಚರ್ಮದ ಒಳಗೆ ನಾಲ್ಕೈದು ಮಿಲಿಮೀಟರ್ ಆಳದಲ್ಲಿರುತ್ತದೆ. ಕಲ್ಯಾಣಕಟ್ಟೆಯ ಬ್ಲೇಡು ಅಲ್ಲಿಗೆ ತಲುಪುವುದಿಲ್ಲ. ಒಮ್ಮೆ ಬೇರೂರಿದ ಮೇಲೆ ನೆಟ್ಟ ಕೂದಲಿಗೂ ಹುಟ್ಟು ಕೂದಲಿಗೂ ಈ ವಿಷಯದಲ್ಲಿ ವ್ಯತ್ಯಾಸವಿಲ್ಲ.

ಆದರೆ ಈಗಲೇ ಬೇಡ. ಕತ್ತರಿಯಲ್ಲಿ ಟ್ರಿಮ್ ಮಾಡಿಸಬಹುದು, ಚರ್ಮಕ್ಕೆ ಬ್ಲೇಡು ತಾಗಿಸುವುದಕ್ಕೆ ಒಂದು ವರ್ಷ ತುಂಬಲಿ ಅಂತ ನಾನು ಹೇಳುತ್ತೇನೆ. ಎಳೆ ಕೂದಲು ಇನ್ನೂ ಚರ್ಮ ದಾಟುತ್ತಿರುವಾಗ ಗಾಯ, ಸೋಂಕು ಯಾಕೆ? ಇನ್ನೊಂದು ವಿಷಯ ಮಗನಿಗೂ ಹೇಳಿ. ಪೂರ್ತಿ ಬೋಳಿಸಿದರೆ ತಲೆಯ ಹಿಂದೆ ಕೂದಲು ತೆಗೆದ ಜಾಗದಲ್ಲಿ ಸಣ್ಣ ಬಿಳಿ ಚುಕ್ಕಿಗಳು ಕಾಣುತ್ತವೆ. ಪಟ್ಟಿಯಾಗಿ ಚರ್ಮ ಕತ್ತರಿಸಿ ತೆಗೆಯುವ ಹಳೆಯ ವಿಧಾನವಾಗಿದ್ದರೆ ಉದ್ದಕ್ಕೆ ಒಂದು ಗೆರೆಯೇ ಇರುತ್ತದೆ. ಆಫೀಸಿನಲ್ಲಿ ಯಾರಿಗೂ ಹೇಳದೇ ಮಾಡಿಸಿಕೊಂಡಿದ್ದರೆ ಆ ಗುಟ್ಟು ಅಲ್ಲಿಗೆ ರಟ್ಟು. ಅಷ್ಟು ದಿನ ತಡೆಯಲು ಆಗುವುದಿಲ್ಲ ಅಂದರೆ ಮೂರು ಕತ್ತರಿ ಕೊಟ್ಟು ಬರುವ ಪದ್ಧತಿಯೂ ಅಲ್ಲಿದೆ. ಅದು ಹರಕೆಗೆ ಸಾಕೋ ಇಲ್ಲವೋ ನೀವು ಮತ್ತು ತಿಮ್ಮಪ್ಪ ಮಾತಾಡಿಕೊಳ್ಳಿ.

ಪ್ರಶ್ನೆ: ದುಬೈನಲ್ಲಿ ಕೆಲಸ. ಇಸ್ತಾನ್‌ಬುಲ್‌ಗೆ ಹೋಗಿ ಮಾಡಿಸಿಕೊಂಡು ವಾಪಸು ಬಂದೆ. ನಾಲ್ಕನೇ ದಿನ ಹಣೆಯಿಂದ ಊತ ಇಳಿದು ಕಣ್ಣು ಮುಚ್ಚಿಹೋಗಿದೆ. ಇಲ್ಲಿ ಯಾರನ್ನು ಕೇಳಲಿ? — ಮಂಗಳೂರಿನವನು, ಈಗ ದುಬೈ

ಉತ್ತರ: ಇದು ಅಚ್ಚಾಗುವ ಹೊತ್ತಿಗೆ ನಿಮ್ಮ ಊತ ಇಳಿದಿರುತ್ತದೆ, ಬೇರೆಯವರಿಗಾಗಿ ಬರೆಯುತ್ತಿದ್ದೇನೆ. ಮರಗಟ್ಟಿಸಲು ನೆತ್ತಿಗೆ ತುಂಬಿದ ದ್ರವ ಕೆಳಗಿಳಿದು ಹೀಗಾಗುತ್ತದೆ. ನೋಡಲು ಭಯಂಕರ, ಸಾಮಾನ್ಯವಾಗಿ ಅಪಾಯವಿಲ್ಲ, ವಾರದೊಳಗೆ ಹೋಗುತ್ತದೆ. ಎರಡು ಮೂರು ದಿಂಬು ಇಟ್ಟು ತಲೆ ಎತ್ತರಿಸಿ ಮಲಗಬೇಕು. ಬಟ್ಟೆಯಲ್ಲಿ ಸುತ್ತಿದ ಐಸ್ ಹಣೆಗೆ ಇಡಬಹುದು, ಗ್ರಾಫ್ಟ್ ಮೇಲೆ ಇಡಬಾರದು. ಸಿಗರೇಟು ಬೇಡ, ಅದು ರಕ್ತನಾಳ ಬಿಗಿಯುತ್ತದೆ, ಗ್ರಾಫ್ಟಿಗೆ ಈಗ ಬೇಕಿರುವುದೇ ರಕ್ತ. ಜ್ವರ, ದಿನೇದಿನೇ ಏರುವ ನೋವು, ವಾಸನೆಯ ಕೀವು, ಚರ್ಮ ಕಪ್ಪಾಗುವುದು ಇವುಗಳಲ್ಲಿ ಒಂದಿದ್ದರೂ ಆಪರೇಷನ್ ಮಾಡಿದವರ ಮೆಸೇಜಿಗೆ ಕಾಯಬೇಡಿ. ಹತ್ತಿರದ ಆಸ್ಪತ್ರೆಗೆ ಆ ದಿನವೇ ಹೋಗಿ. ದೂರದೂರಿಗೆ ಹೋಗಿ ಮಾಡಿಸಿಕೊಳ್ಳುವುದರ ಕಷ್ಟವೇ ಇದು: ಆಪರೇಷನ್ ಒಂದು ದಿನದ್ದು, ಆಮೇಲಿನದು ಒಂದು ವರ್ಷದ್ದು.

ಪ್ರಶ್ನೆ: ನಮ್ಮೂರಲ್ಲಿ ಒಂದು ಕಡೆ ತುಂಬಾ ಕಡಿಮೆ ದುಡ್ಡಿಗೆ ಮಾಡುತ್ತಾರಂತೆ. ಹೋಗಲಾ? — ಗದಗ

ಉತ್ತರ: ದುಡ್ಡು ಆಮೇಲೆ ಕೇಳಿ. ಮರಗಟ್ಟಿಸುವ ಇಂಜೆಕ್ಷನ್ ಯಾರು ಕೊಡುತ್ತಾರೆ, ತೂತು ಯಾರು ಮಾಡುತ್ತಾರೆ ಅಂತ ಮೊದಲು ಕೇಳಿ. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಇದಕ್ಕೇ ಮಾರ್ಗಸೂಚಿ ಹೊರಡಿಸಿದೆ. ಸರಿಯಾದ ಶಸ್ತ್ರಚಿಕಿತ್ಸಾ ತರಬೇತಿ ಪಡೆದ ನೋಂದಾಯಿತ ವೈದ್ಯರೇ ಇದನ್ನು ಮಾಡಬೇಕು. ವರ್ಕ್‌ಶಾಪಿನಲ್ಲೋ ಯೂಟ್ಯೂಬಿನಲ್ಲೋ ನೋಡಿ ಕಲಿತದ್ದು ಸಾಲದು ಅಂತ ಅದರಲ್ಲೇ ಬರೆದಿದೆ. ಡಾಕ್ಟರು ಕನ್ಸಲ್ಟೇಷನ್ನಿಗೆ ಮಾತ್ರ ಮುಖ ತೋರಿಸಿ ಮಾಯವಾಗುವ ಜಾಗವಾದರೆ ಎದ್ದು ಬನ್ನಿ.

ಪ್ರಶ್ನೆ: ಹೆಲ್ಮೆಟ್ ಯಾವಾಗಿಂದ ಹಾಕಬಹುದು? ಕೆಲಸಕ್ಕೆ ಬೈಕಿನಲ್ಲೇ ಹೋಗಬೇಕು. — ತುಮಕೂರು

ಉತ್ತರ: ಮೂರು ವಾರ ಬಿಟ್ಟು. ಅದೂ ಸ್ವಲ್ಪ ಸಡಿಲವಾದದ್ದು, ಹಾಕುವಾಗ ತೆಗೆಯುವಾಗ ನೆತ್ತಿಗೆ ಉಜ್ಜದಂತೆ. ಅಲ್ಲಿವರೆಗೆ ಹೆಲ್ಮೆಟ್ ಇಲ್ಲದೇ ಬೈಕ್ ಓಡಿಸುವ ಐಡಿಯಾ ಇದ್ದರೆ ಬಿಡಿ, ಬಸ್ಸು ಹಿಡಿಯಿರಿ. ಒಳಗಿನ ಸ್ಪಂಜು ಬಿಚ್ಚುವಂಥದ್ದಾದರೆ ಈಗಲೇ ತೊಳೆದು ಬಿಸಿಲಿಗೆ ಹಾಕಿ.