ಹಾರ್ಟ್ ಆಪರೇಷನ್ ಆದ ಮಗುವಿಗೆ ಶುಗರ್ 240 ಇದೆ, ಕಿಡ್ನಿ ಹಾಳಾಗುತ್ತಾ?

ಒಂಬತ್ತು ತಿಂಗಳ ಮಗ, ಹೃದಯದ ತೂತು ಮುಚ್ಚಿದ ಮಾರನೇ ದಿನ ಶುಗರ್ 240, ಯೂರಿನ್ ಕಮ್ಮಿ. ಇನ್ಸುಲಿನ್ ಕೊಟ್ಟು ಶುಗರ್ ಇಳಿಸಿ, ಕಿಡ್ನಿ ಉಳಿಸಿ ಅಂತ ಡಾಕ್ಟರ್ ಹತ್ತಿರ ಪಟ್ಟು ಹಿಡಿಯಬೇಕಾ ಅಂತ ಕೇಳಿದ್ದೀರಿ. ಬೇಡ. ಶುಗರ್ ಅವರಿಗೆ ಬಿಡಿ, ನೀವು ಯೂರಿನ್ ಬ್ಯಾಗ್ ನೋಡಿ.

ನನ್ನ ಮಗಳಿಗೂ ವಿಎಸ್‌ಡಿ, ಅಂದರೆ ಹೃದಯದಲ್ಲಿ ತೂತು ಇತ್ತು. ಹಾಲು ಕುಡಿಯುವಾಗ ಹಣೆಯೆಲ್ಲ ಬೆವರುತ್ತಿತ್ತು, ತೂಕ ಏರುತ್ತಲೇ ಇರಲಿಲ್ಲ. ಹಾವೇರಿ ಕಡೆಯಿಂದ ಬೆಂಗಳೂರಿಗೆ ಹೋಗಿ ಆಪರೇಷನ್ ಮಾಡಿಸಿದೆವು. ಐಸಿಯು ಒಳಗೆ ಬಿಟ್ಟಾಗ ಚಾರ್ಟಿನಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು 268. ನಮ್ಮಪ್ಪ ಹಳೇ ಶುಗರ್ ಪೇಷೆಂಟು, ಕೊನೆಗೆ ಡಯಾಲಿಸಿಸ್‌ವರೆಗೂ ಹೋದವರು. ಹಂಗಾಗಿ ನನ್ನ ತಲೆಯಲ್ಲಿ ಶುಗರ್ ಅಂದರೆ ಕಿಡ್ನಿ, ಕಿಡ್ನಿ ಅಂದರೆ ಶುಗರ್. ನಿಮ್ಮ ತಲೆಯಲ್ಲೂ ಅದೇ ಇದೆ ಅಲ್ವಾ?

ಅದು ಬೇರೆ, ಇದು ಬೇರೆ. ಡಯಾಬಿಟಿಸ್ ಕಿಡ್ನಿ ಕೆಡಿಸೋಕೆ ವರ್ಷಗಟ್ಟಲೆ ಬೇಕು. ಇಲ್ಲಿ ಆಪರೇಷನ್ ಹೊತ್ತಿಗೆ ಮಗುವನ್ನು ಹಾರ್ಟ್-ಲಂಗ್ ಮಷೀನಿಗೆ, ಅಂದರೆ ಹೃದಯ, ಶ್ವಾಸಕೋಶದ ಕೆಲಸ ಮಾಡುವ ಯಂತ್ರಕ್ಕೆ ಹಾಕಿರುತ್ತಾರೆ. ಆ ಪೆಟ್ಟು ಬಿದ್ದದ್ದಕ್ಕೆ ಮೈಯೇ ಶುಗರ್ ಏರಿಸುವ ಹಾರ್ಮೋನುಗಳಾದ ಕಾರ್ಟಿಸಾಲ್, ಅಡ್ರಿನಲಿನ್ ಸುರಿಸುತ್ತದೆ. ಅದರ ಮೇಲೆ ಡ್ರಿಪ್‌ನಲ್ಲಿ ಇನ್ನಷ್ಟು ಅಡ್ರಿನಲಿನ್, ಕೆಲವರಿಗೆ ಸ್ಟೀರಾಯ್ಡ್. ಶುಗರ್ ಏರದೆ ಇನ್ನೇನಾಗುತ್ತದೆ? ಮಷೀನಿನ ಮೇಲೆ ಇದ್ದಾಗ, ಆಮೇಲೆ ಹೃದಯ ಸುಧಾರಿಸಿಕೊಳ್ಳುವ ಮೊದಲ ರಾತ್ರಿ, ಕಿಡ್ನಿಗೆ ರಕ್ತ ಸಾಲದೆ ಅದೂ ಸುಸ್ತಾಗುತ್ತದೆ. ಅಂದರೆ ಎರಡೂ ಬಂದಿದ್ದು ಮುಖ್ಯವಾಗಿ ಒಂದೇ ಪೆಟ್ಟಿನಿಂದ. ಶುಗರ್ ಇಳಿಸಿದ ಮಾತ್ರಕ್ಕೆ ಕಿಡ್ನಿ ಸರಿಹೋಗಲ್ಲ.

ಇದನ್ನು ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಅಮೆರಿಕದಲ್ಲಿ ಹೃದಯದ ಆಪರೇಷನ್ ಆದ, ಮೂರು ವರ್ಷದೊಳಗಿನ 980 ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳಿಗೆ ಇನ್ಸುಲಿನ್ ಕೊಟ್ಟು ಶುಗರ್ 80ರಿಂದ 110ರೊಳಗೆ ಇಡಲು ನೋಡಿದರು. 2012ರಲ್ಲಿ ಬಂದ ಫಲಿತಾಂಶ: ಇನ್ಫೆಕ್ಷನ್ ಕಮ್ಮಿ ಆಗಲಿಲ್ಲ, ಐಸಿಯು ದಿನಗಳೂ ಕಮ್ಮಿ ಆಗಲಿಲ್ಲ. 2014ರ ಇಂಗ್ಲೆಂಡ್ ಅಧ್ಯಯನದಲ್ಲಿ ಬಿಗಿಯಾಗಿ ಇನ್ಸುಲಿನ್ ಕೊಟ್ಟ ಮಕ್ಕಳಲ್ಲಿ ಶುಗರ್ ತೀರಾ ಕೆಳಗೆ ಬೀಳುವುದು ಜಾಸ್ತಿಯಾಯಿತು. ಮಗುವಿನ ಮೆದುಳಿಗೆ ಆ ಲೋ ಶುಗರ್ರೇ ಅಪಾಯ. ಶುಗರ್ ಜಾಸ್ತಿಯಾಗಿ ಇಳಿಯದೇ ನಿಂತರೆ ಡಾಕ್ಟರೇ ಇನ್ಸುಲಿನ್ ಶುರು ಮಾಡುತ್ತಾರೆ, ನೀವು ಹೇಳಬೇಕಿಲ್ಲ.

ಆಗ ಇದೆಲ್ಲ ನನಗೆ ಗೊತ್ತಿರಲಿಲ್ಲ. ಸಿಸ್ಟರ್ ಗಂಟೆಗೊಮ್ಮೆ ಬಗ್ಗಿ, ಯೂರಿನ್ ಬ್ಯಾಗಿಗೆ ಅಂಟಿದ ಗೀಟುಗಳ ಪುಟ್ಟ ಡಬ್ಬಿಯಲ್ಲಿ ಎಷ್ಟು ಎಂಎಲ್ ಅಂತ ಕಣ್ಣು ಕಿರಿದು ಮಾಡಿ ನೋಡಿ ಬರೆಯುತ್ತಿದ್ದರು. ನಾನು ಅವರನ್ನು ತಡೆದು "ಸಿಸ್ಟರ್, ಶುಗರ್ ಎಷ್ಟಾಯ್ತು?" ಅಂತ ಕೇಳುತ್ತಿದ್ದೆ. ಆರು ಕೆಜಿ ಮಗುವಿಗೆ ಗಂಟೆಗೆ ಸುಮಾರು ಆರು ಎಂಎಲ್ ಬಂದರೆ ನೆಮ್ಮದಿ. ನಮ್ಮ ಕೂಸಿಗೆ ಮೂರೂ ಬರುತ್ತಿರಲಿಲ್ಲ. ಕ್ರಿಯಾಟಿನಿನ್ (ಕಿಡ್ನಿ ಸೋತರೆ ರಕ್ತದಲ್ಲಿ ಏರುವ ಕಸ) ಏರಿತು, ಯೂರಿನ್ ಬರಿಸುವ ಲಾಸಿಕ್ಸ್ ಕೊಟ್ಟರು, ಕ್ರಿಯಾಟಿನಿನ್ ನಿಧಾನಕ್ಕೆ ಇಳಿಯಿತು. ಶುಗರ್ 96 ಅಂದ ದಿನ ನಾನು ಊರಿಗೆಲ್ಲ ಫೋನ್ ಮಾಡಿದೆ. ಕ್ರಿಯಾಟಿನಿನ್ ಎಷ್ಟು ಅಂತ ಕೇಳಲೇ ಇಲ್ಲ.

ನನ್ನ ತಪ್ಪು ಅಲ್ಲೇ ಶುರುವಾಯಿತು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಕಿಡ್ನಿಗೆ ಪೆಟ್ಟಾಗಿತ್ತು, ನೋವಿನ ಔಷಧಿ ಕೇಳದೆ ಕೊಡಬೇಡಿ ಅಂತ ಒಂದು ಸಾಲು ಇತ್ತು. ನಾನು ಓದಿದ್ದು ಶುಗರ್ ನಾರ್ಮಲ್ ಅನ್ನೋ ಸಾಲು ಮಾತ್ರ. ಊರಿಗೆ ಬಂದ ಮೇಲೆ ಒಂದು ರಾತ್ರಿ ಮಗುವಿಗೆ ಜ್ವರ, ಭೇದಿ. ಮೆಡಿಕಲ್ ಶಾಪಿಗೆ ಓಡಿ ಜ್ವರದ ಸಿರಪ್ ಕೇಳಿದೆ. ಕೊಟ್ಟಿದ್ದು ಪ್ಯಾರಾಸಿಟಮಾಲ್ ಜೊತೆ ಐಬುಪ್ರೊಫೆನ್ ಅನ್ನೋ ನೋವಿನ ಔಷಧಿ ಸೇರಿದ್ದು. ಕಿಡ್ನಿಗೆ ರಕ್ತ ಕಮ್ಮಿ ಬಂದಾಗ ಅಲ್ಲಿನ ಸಣ್ಣ ರಕ್ತನಾಳವನ್ನು ಅಗಲ ಮಾಡಿ ಇಡುವ ವ್ಯವಸ್ಥೆ ಮೈಯಲ್ಲೇ ಇದೆ. ಐಬುಪ್ರೊಫೆನ್ ಅದನ್ನೇ ತಡೆಯುತ್ತದೆ. ಈ ಕಡೆ ಭೇದಿಯಲ್ಲಿ ನೀರು ಹೋಗುತ್ತಿದೆ, ಆ ಕಡೆ ಮನೆಯಲ್ಲೂ ಕೊಡುತ್ತಿದ್ದ ಲಾಸಿಕ್ಸ್ ಇನ್ನಷ್ಟು ನೀರು ತೆಗೆಯುತ್ತಿದೆ, ನಡುವೆ ಈ ಸಿರಪ್. ಬರೀ ಸಿರಪ್ ಆಗಿದ್ದರೆ ತಡೆದುಕೊಳ್ಳುತ್ತಿತ್ತೋ ಏನೋ. ಮೂರೂ ಒಟ್ಟಿಗೆ, ಅದೂ ಆಗಲೇ ಪೆಟ್ಟು ತಿಂದ ಕಿಡ್ನಿಗೆ. ಆಸ್ಪತ್ರೆಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು, ನಂಬರ್ ಫೈಲ್ ಮೇಲೇ ಇತ್ತು. ರಾತ್ರಿ ಹೊತ್ತು ಸುಮ್ನೆ ಯಾಕೆ ತೊಂದರೆ ಕೊಡೋದು ಅಂದುಕೊಂಡೆ. ಬೆಳಿಗ್ಗೆ ಹೆಂಡತಿ ಡೈಪರ್ ಬಿಚ್ಚಿದರೆ ಮೂತ್ರದ ಗುರುತೇ ಇಲ್ಲ. ಮತ್ತೆ ಬೆಂಗಳೂರು. ಕ್ರಿಯಾಟಿನಿನ್ ಆಪರೇಷನ್ ಆದಾಗಿನದಕ್ಕಿಂತ ಮೇಲೆ. ಈ ಸಲ ಹೊಟ್ಟೆಗೆ ಸಣ್ಣ ಕೊಳವೆ ಹಾಕಿ ಡಯಾಲಿಸಿಸ್ ಮಾಡಿದರು. ಈಗ ಸ್ಕೂಲಿಗೆ ಹೋಗುತ್ತಾಳೆ, ವರ್ಷಕ್ಕೊಮ್ಮೆ ಬಿಪಿ, ಯೂರಿನ್ ಪರೀಕ್ಷೆ ತಪ್ಪಿಸಲ್ಲ.

ನಿಮ್ಮ ಮಗನಿಗೂ ಹೊಟ್ಟೆಯ ಡಯಾಲಿಸಿಸ್ ಅಂದರೆ ಎದೆ ಒಡೆದುಕೊಳ್ಳಬೇಡಿ. ಪುಟ್ಟ ಮಕ್ಕಳಿಗೆ ಸಾಮಾನ್ಯವಾಗಿ ಕಿಡ್ನಿ ಚೇತರಿಸಿಕೊಳ್ಳುವವರೆಗೆ ಮಾಡುವುದು ಅಷ್ಟೇ, ಜೀವನಪೂರ್ತಿ ಅಂತಲ್ಲ. ರೌಂಡ್ಸಿಗೆ ಬಂದಾಗ ಆಪರೇಷನ್‌ಗೆ ಮುಂಚೆ ಕ್ರಿಯಾಟಿನಿನ್ ಎಷ್ಟಿತ್ತು, ಇವತ್ತು ಎಷ್ಟು ಅಂತ ಕೇಳಿ. ಅದು ಒಂದೆರಡು ದಿನ ತಡವಾಗಿ ಏರುತ್ತದೆ, ಹಾಗಾಗಿ ಇವತ್ತು ಚೆನ್ನಾಗಿದೆ ಅಂತ ನಾಳೆ ಕೇಳೋದು ಬಿಡಬೇಡಿ. ಜೆಂಟಾಮೈಸಿನ್, ವ್ಯಾಂಕೊಮೈಸಿನ್ ಅನ್ನೋ ಆ್ಯಂಟಿಬಯೋಟಿಕ್ ನಡೆಯುತ್ತಿದ್ದರೆ ಕಿಡ್ನಿ ನೋಡಿಕೊಂಡು ಡೋಸ್ ಇಟ್ಟಿದ್ದಾರಾ ಅಂತಲೂ ಕೇಳಿ, ಕೇಳಿದರೆ ಯಾರೂ ಬೈಯಲ್ಲ. ಮನೆಗೆ ಬಂದ ಮೇಲೆ ಜ್ವರ ಬಂದರೆ ಮೆಡಿಕಲ್ ಶಾಪಿಗಿಂತ ಮುಂಚೆ ಆಸ್ಪತ್ರೆಗೆ ಫೋನ್. ಇಷ್ಟಾದ ಮೇಲೂ ಶುಗರ್ ಬಗ್ಗೆ ಕೇಳಲೇಬೇಕು ಅನ್ನಿಸಿದರೆ, ಎಷ್ಟು ಮೇಲೆ ಹೋಯ್ತು ಅಂತ ಕೇಳಬೇಡಿ, 60ಕ್ಕಿಂತ ಕೆಳಗೆ ಹೋಗಿತ್ತಾ ಅಂತ ಕೇಳಿ.