ಯುದ್ಧ ಮುಗಿದರೂ ಅಪ್ಪ ಬಾರದ ಕ್ರಿಸ್‌ಮಸ್

ಯುದ್ಧದ ಕಾಲದಲ್ಲಿ ತಂದೆಯೋ ತಾಯಿಯೋ ದೂರದಲ್ಲಿದ್ದಾಗ ಬರುವ ಕ್ರಿಸ್‌ಮಸ್ ಮಗುವಿಗೆ ಹೇಗಿರುತ್ತದೆ, ಅಂತಹ ಸಮಯದಲ್ಲಿ ಮನೆಯವರು ಮಗುವಿಗೆ ಏನು ಹೇಳಬೇಕು ಎಂದು ತಾವು ಕೇಳಿದ್ದೀರಿ. 1971ರಲ್ಲಿ ಭಾರತ ಮತ್ತು ಪಾಕಿಸ್ತಾನಗಳ ನಡುವೆ ಯುದ್ಧ ನಡೆದಾಗ ನನಗೆ ಒಂಬತ್ತು ವರ್ಷ. ಆಗಿನ ಮೈಸೂರು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಬಂಟ್ವಾಳ ತಾಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಮನೆ. ಅಪ್ಪ ಸೇನೆಯ ಎಂಜಿನಿಯರ್ ಪಡೆಗಳಲ್ಲೊಂದಾದ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ಗೆ ಸೇರಿದ ಹವಾಲ್ದಾರರು. ಆ ವರ್ಷದ ಅನುಭವದಿಂದ ನಾನು ಹೇಳಬಹುದಾದ ಮಾತು ಇಷ್ಟೇ: ಅಪ್ಪ ಹಬ್ಬಕ್ಕೆ ಇಲ್ಲವೆಂಬುದನ್ನು ಮಗು ತಡೆದುಕೊಳ್ಳುತ್ತದೆ, ಬಂದೇ ಬರುತ್ತಾರೆಂದು ದೊಡ್ಡವರು ಕೊಟ್ಟ ಭರವಸೆ ಹುಸಿಯಾಗುವುದನ್ನು ತಡೆದುಕೊಳ್ಳುವುದು ಬಹಳ ಕಷ್ಟ.

ಅಪ್ಪ ಎಲ್ಲಿದ್ದಾರೆಂಬುದು ನಮಗೆ ಗೊತ್ತಿರಲಿಲ್ಲ. ಅವರ ವಿಳಾಸವೆಂದರೆ ಸೇನಾ ಸಂಖ್ಯೆ, ಹೆಸರು, ಘಟಕ, ಕೊನೆಗೆ 'ಕೇರ್ ಆಫ್ 56 ಎಪಿಒ', ಅಂದರೆ ಸೇನಾ ಅಂಚೆ ಕಚೇರಿಯ ಸಂಖ್ಯೆ. ಸೈನಿಕರ ಅಂಚೆಗೆ ಊರಿನ ಹೆಸರು ಬರೆಯುವಂತಿಲ್ಲ. ಪತ್ರ ದಿಲ್ಲಿಯ ಸೇನಾ ಅಂಚೆ ಕೇಂದ್ರಕ್ಕೆ ಹೋಗಿ, ಅಲ್ಲಿಂದ ಘಟಕ ಇರುವ ಕಡೆಗೆ ಸಾಗುತ್ತಿತ್ತು. ದೇಶದ ಪೂರ್ವದ ಗಡಿಯಲ್ಲಿದ್ದವರಿಗೆ 99 ಎಪಿಒ. ಆದ್ದರಿಂದ ಪೂರ್ವ ಪಾಕಿಸ್ತಾನದ (ಇಂದಿನ ಬಾಂಗ್ಲಾದೇಶದ) ಡಾಕಾದ ಕಡೆಗೆ ಹೋದವರಲ್ಲಿ ಅಪ್ಪ ಇಲ್ಲ, ಪಶ್ಚಿಮದ ಗಡಿಯಲ್ಲಿ ಎಲ್ಲೋ ಇದ್ದಾರೆ ಎಂಬಷ್ಟನ್ನು ಮಾತ್ರ ಅಮ್ಮ ಆ ಎರಡು ಅಂಕಿಗಳಿಂದ ಊಹಿಸಿದ್ದರು. ಪಶ್ಚಿಮದ ಗಡಿಯಾಚೆ, ಪಾಕಿಸ್ತಾನದ ಶಕರ್‌ಗಡದ ಕಡೆ ನೆಲಬಾಂಬ್‌ಗಳ ನಡುವೆ ಕೆಲಸ ಮಾಡುತ್ತಿದ್ದರೆಂಬುದು ನಮಗೆ ತಿಳಿದದ್ದು ಎಲ್ಲವೂ ಮುಗಿದ ಮೇಲೆ, ಅವರ ಬಾಯಿಂದಲೇ.

ಡಿಸೆಂಬರ್ 3ರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ವಾಯುನೆಲೆಗಳ ಮೇಲೆ ದಾಳಿ ಮಾಡಿದ ಸುದ್ದಿಯನ್ನು ನಾವು ಪಕ್ಕದ ಮನೆಯ ರೇಡಿಯೊದಲ್ಲಿ ಕೇಳಿದೆವು. ಅಂದಿನಿಂದ ನಮ್ಮ ಮನೆಯ ದಿನಚರಿ ಅಂಚೆಯವನ ಬರವಿನ ಸುತ್ತ ತಿರುಗಲು ತೊಡಗಿತು. ಆತ ತಂತಿ ತಂದರೆ ಗಂಡಾಂತರ, ಕಾಗದ ತಂದರೆ ಸಂತೋಷ, ಬರಿಗೈಯಲ್ಲಿ ಮುಂದಕ್ಕೆ ಹೋದರೆ ಆ ದಿನದ ಮಟ್ಟಿಗೆ ಕ್ಷೇಮ. ಇದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಅಜ್ಜಿಯ ಮುಖ ನೋಡಿಯೇ ಕಲಿತಿದ್ದೆ. ಡಿಸೆಂಬರ್ ಎರಡನೆಯ ವಾರದಲ್ಲಿ ಅಪ್ಪನ ಕಾಗದವೊಂದು ಬಂದಾಗ ನಾನು ಕುಣಿದಾಡಿದೆ. ಅಮ್ಮ ಮಾತ್ರ ಅದನ್ನು ಬಿಡಿಸಿ ಮೊದಲು ಮೇಲಿನ ಮೂಲೆಯನ್ನು ನೋಡಿದರು. ಅಲ್ಲಿ ಅಪ್ಪ ಬರೆದಿದ್ದ ತಾರೀಕು ನವೆಂಬರ್ 28. ಕಾಗದದಲ್ಲಿ ಚಳಿಯ ವಿಷಯವಿತ್ತು, ನನ್ನ ಲೆಕ್ಕದ ಅಂಕಗಳ ವಿಚಾರಣೆಯಿತ್ತು, ತೋಟದ ಅಡಿಕೆಯ ಮಾತಿತ್ತು. ಎಲ್ಲವೂ ಯುದ್ಧಕ್ಕಿಂತ ಮೊದಲಿನ ಮಾತುಗಳು. ಅದನ್ನು ಬರೆದ ದಿನ ಅವರು ಚೆನ್ನಾಗಿದ್ದರು ಎಂಬುದಕ್ಕಿಂತ ಹೆಚ್ಚಿನದೇನನ್ನೂ ಆ ಕಾಗದ ಹೇಳುತ್ತಿಲ್ಲವೆಂಬುದು ನನಗೂ ಹೊಳೆಯಿತು. ದೊಡ್ಡವರು ಮಕ್ಕಳಿಗೆ ಇದೆಲ್ಲ ಅರ್ಥವಾಗುವುದಿಲ್ಲವೆಂದು ಭಾವಿಸುತ್ತಾರೆ. ಒಂಬತ್ತು ವರ್ಷದ ಮಗುವಿಗೆ ಖಂಡಿತವಾಗಿ ಅರ್ಥವಾಗುತ್ತದೆ.

ಹಬ್ಬದ ಸಿದ್ಧತೆ ನಿಲ್ಲಲಿಲ್ಲ. ನಿಲ್ಲಿಸಬಾರದೆಂದು ಅಜ್ಜಿ ಹಟ ಹಿಡಿದರು, ಅದು ಅವರು ನಮಗೆ ಮಾಡಿದ ದೊಡ್ಡ ಉಪಕಾರವೆಂದು ನಾನು ಇಂದಿಗೂ ನಂಬಿದ್ದೇನೆ. ಮಂಗಳೂರಿನ ಕಡೆಯ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್ ಎಂದರೆ ಕುಸ್ವಾರ್, ಅಂದರೆ ಹಬ್ಬಕ್ಕೆಂದು ಮಾಡುವ ಬಗೆಬಗೆಯ ತಿಂಡಿಗಳು. ಎಳ್ಳು, ಹುರಿದ ಕಾಯಿತುರಿ, ಸಕ್ಕರೆ, ಏಲಕ್ಕಿ ತುಂಬಿದ ನೆವ್ರ್ಯೊ, ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಕರಿಯುವ ಹೂವಿನಾಕಾರದ ಕೊಕ್ಕಿಸಾಂ, ಹೊಸ ಬಾಚಣಿಗೆಯ ಬೆನ್ನ ಮೇಲೆ ಹಿಟ್ಟಿನ ಉಂಡೆಯನ್ನು ಒತ್ತಿ ಉರುಳಿಸಿ ಗೆರೆ ಮೂಡಿಸುವ ಕಿಡಿಯೊ. ಕಿಡಿಯೊ ಸುತ್ತುವುದು ಮಕ್ಕಳ ಪಾಲಿನ ಕೆಲಸ. ಅಪ್ಪನ ಪಾಲನ್ನು ಅಮ್ಮ ನವೆಂಬರ್ ಕೊನೆಯಲ್ಲೇ ಮಾಡಿ, ಬಿಸ್ಕತ್ತಿನ ಡಬ್ಬಿಗೆ ತುಂಬಿ, ಬಿಳಿ ಬಟ್ಟೆಯಲ್ಲಿ ಹೊಲಿದು, ಹೊಲಿಗೆಯ ಮೇಲೆ ಅರಗಿನ ಮುದ್ರೆ ಒತ್ತಿ ಅಂಚೆಗೆ ಹಾಕಿದ್ದರು. ನಾನು ಅಪ್ಪನಿಗೆ ಬರೆದ ಹಬ್ಬದ ಕಾಗದದ ಲಕೋಟೆಗೆ ಮಾಮೂಲಿ ಅಂಚೆಚೀಟಿಯ ಜೊತೆಗೆ ಐದು ಪೈಸೆಯ ಇನ್ನೊಂದು ಚೀಟಿಯನ್ನೂ ಅಂಟಿಸಬೇಕಾಯಿತು. ಪೂರ್ವ ಪಾಕಿಸ್ತಾನದಿಂದ ಬಂದಿದ್ದ ಸುಮಾರು ಒಂದು ಕೋಟಿ ನಿರಾಶ್ರಿತರ ನೆರವಿಗಾಗಿ ಸರಕಾರ ಆ ನವೆಂಬರ್ 15ರಿಂದ ವಿಧಿಸಿದ್ದ ತೆರಿಗೆ ಅದು. ಅಷ್ಟು ಮಕ್ಕಳು ಮನೆಯನ್ನೇ ಬಿಟ್ಟು ಬಂದಿದ್ದಾರೆ, ನಮಗೆ ಮನೆಯಾದರೂ ಇದೆ ಎಂದು ಅಜ್ಜಿ ಆ ಚೀಟಿಯನ್ನು ತೋರಿಸಿ ಹೇಳಿದ್ದು ನನ್ನ ಮನಸ್ಸಿನಲ್ಲಿ ಉಳಿದಿದೆ.

ಡಿಸೆಂಬರ್ 16ರಂದು ಡಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು. ಮರುದಿನ ರಾತ್ರಿ ಎಂಟು ಗಂಟೆಗೆ ಪಶ್ಚಿಮದ ಗಡಿಯಲ್ಲೂ ಕದನ ನಿಂತಿತು. ಶಾಲೆಯಲ್ಲಿ ಸಿಹಿ ಹಂಚಿದರು. ಮನೆಗೆ ಬಂದವರೆಲ್ಲ ನನ್ನ ತಲೆ ಸವರಿ, ಇನ್ನೇನು ಅಪ್ಪ ಹಬ್ಬಕ್ಕೆ ಬಂದುಬಿಡುತ್ತಾರೆ ಎಂದರು. ನಮ್ಮ ಮಾವನವರೊಬ್ಬರು 24ರ ಸಂಜೆಯ ಬಸ್ಸಿಗೆ ಕಾದಿರು ಎಂದು ದಿನವನ್ನೇ ಹೇಳಿಬಿಟ್ಟರು. ಅವರ ಪ್ರೀತಿಯಲ್ಲಿ ಕೊರತೆ ಇರಲಿಲ್ಲ, ಆದರೆ ಯುದ್ಧ ನಿಂತ ಕೂಡಲೇ ಸೈನಿಕ ಮನೆಗೆ ಮರಳುತ್ತಾನೆಂಬ ಅವರ ನಂಬಿಕೆ ತಪ್ಪು. ಗುಂಡು ಹಾರುವುದು ನಿಂತರೂ ಗೆದ್ದ ನೆಲದಲ್ಲಿ ಪಡೆಗಳು ಕೂತೇ ಇರಬೇಕು. ಎರಡೂ ದೇಶಗಳ ನಡುವಿನ ಶಿಮ್ಲಾ ಒಪ್ಪಂದಕ್ಕೆ ಸಹಿ ಬಿದ್ದದ್ದು 1972ರ ಜುಲೈ 2ರಂದು. ಪಶ್ಚಿಮದಲ್ಲಿ ಎರಡೂ ಕಡೆಯ ಪಡೆಗಳು ಹಿಂದೆ ಸರಿದದ್ದು ಆ ವರ್ಷದ ಡಿಸೆಂಬರಿನಲ್ಲಿ. ಅಪ್ಪನಂತಹ ಸ್ಯಾಪರ್‌ಗಳಿಗಂತೂ (ಎಂಜಿನಿಯರ್ ಪಡೆಯ ಸೈನಿಕರಿಗೆ) ಹುಗಿದ ನೆಲಬಾಂಬ್‌ಗಳನ್ನು ತೆಗೆಯುವ ಕೆಲಸ ಕದನವಿರಾಮದ ನಂತರವೂ ಬಾಕಿ ಇರುತ್ತದೆ. ಸೆರೆಸಿಕ್ಕ ಸುಮಾರು 93 ಸಾವಿರ ಪಾಕಿಸ್ತಾನಿಗಳ ಪೈಕಿ ಕೊನೆಯವರು ಊರಿಗೆ ಮರಳಿದ್ದು 1974ರಲ್ಲಿ; ಅವರ ಮನೆಗಳಲ್ಲೂ ಮಕ್ಕಳು ತಮ್ಮ ತಮ್ಮ ಹಬ್ಬಗಳಿಗೆ ಹಾಗೆಯೇ ಕಾದಿರಬೇಕು.

24ರ ಸಂಜೆ ನಾನು ಬಸ್ಸು ನಿಲ್ಲುವ ಕಟ್ಟೆಯ ಬಳಿ ಕಾದೆ. ಬಸ್ಸು ಬಂತು, ಇಳಿದವರಲ್ಲಿ ಅಪ್ಪ ಇರಲಿಲ್ಲ. ಅಮ್ಮ ಬಂದು ಕರೆದುಕೊಂಡು ಹೋದರು. ಗೋದಲಿಯ ಸುತ್ತ ಹಸಿರಿಗಾಗಿ ಗೆರಟೆಗಳಲ್ಲಿ ಬಿತ್ತಿದ್ದ ಭತ್ತ ಅಷ್ಟರಲ್ಲಿ ಗೇಣುದ್ದ ಬೆಳೆದಿತ್ತು. ಅದನ್ನು ನೋಡಲೂ ನನಗೆ ಮನಸ್ಸಿರಲಿಲ್ಲ. ಅರ್ಧರಾತ್ರಿಯ ಪೂಜೆಗೆ ಹೋದೆವು. ಯುದ್ಧದಲ್ಲಿ ಮಡಿದವರಿಗಾಗಿ ಧರ್ಮಗುರುಗಳು ಪ್ರಾರ್ಥನೆ ಹೇಳಿಸಿದಾಗ, ಅಪ್ಪನ ಹೆಸರೂ ಆ ಗುಂಪಿನಲ್ಲಿದೆಯೋ ಎಂಬ ಭಯದಿಂದ ನಾನು ಅಮ್ಮನ ಸೆರಗನ್ನು ಬಿಡಲಿಲ್ಲ. ತಂತಿ ಬಂದಿಲ್ಲ ಎಂಬುದೊಂದೇ ಆ ರಾತ್ರಿ ನಮಗಿದ್ದ ಆಧಾರ. ಬೆಳಿಗ್ಗೆ ಎಂದಿನಂತೆ ತಟ್ಟೆಗಳಲ್ಲಿ ಕುಸ್ವಾರ್ ಜೋಡಿಸಿ, ಮೇಲೆ ಕಸೂತಿಯ ಬಟ್ಟೆ ಮುಚ್ಚಿ, ನೆರೆಯ ಹಿಂದೂ ಮತ್ತು ಮುಸ್ಲಿಂ ಮನೆಗಳಿಗೆ ಕೊಟ್ಟುಬರಲು ಅಜ್ಜಿ ನನ್ನನ್ನೇ ಕಳುಹಿಸಿದರು. ಮನೆಯಲ್ಲಿ ಕೂತಿದ್ದರೆ ಅಳುತ್ತಿದ್ದೆ. ಕೈಯಲ್ಲಿ ತಟ್ಟೆ ಇದ್ದದ್ದರಿಂದ ನಡೆದೆ.

ಡಿಸೆಂಬರ್ 19ರಂದು ಅಪ್ಪ ಬರೆದಿದ್ದ ಕಾಗದ ಜನವರಿಯ ಮೊದಲ ವಾರ ಕೈಸೇರಿತು. ಡಬ್ಬಿ ಅವರಿಗೆ ತಲುಪಿದ್ದು ಇನ್ನೂ ತಡವಾಗಿ. ನೆವ್ರ್ಯೊಗಳೆಲ್ಲ ಪುಡಿಯಾಗಿದ್ದವು, ತಮಿಳು, ತೆಲುಗು, ಮಲಯಾಳಂ ಮಾತಾಡುವ ಜೊತೆಗಾರರೊಡನೆ ಅದನ್ನು ಚಹಾದ ಜೊತೆ ಚಮಚದಲ್ಲಿ ತಿಂದೆವು ಎಂದು ಆಮೇಲೆ ಬರೆದರು. ರಜೆ ಸಿಕ್ಕಿ ಅವರು ಮನೆಗೆ ಬಂದದ್ದು ಮೇ ತಿಂಗಳಲ್ಲಿ. ಬಸ್ಸಿಗೆ ಕಾದ ವಿಷಯವನ್ನು ನಾನೇ ಅವರಿಗೆ ಹೇಳಿದೆ. ಅವರು ಮಾವನವರ ಮೇಲೆ ಕೋಪಗೊಳ್ಳಲಿಲ್ಲ, ಆದರೆ ಇನ್ನು ಮುಂದೆ ಬರುವ ದಿನವನ್ನು ನಾನು ಬರೆದರೆ ಮಾತ್ರ ನಂಬು, ಬೇರೆ ಯಾರು ಹೇಳಿದರೂ ನಂಬಬೇಡ ಎಂದರು.

ತಮ್ಮ ಪ್ರಶ್ನೆಯ ಎರಡನೆಯ ಭಾಗಕ್ಕೆ ಇದೇ ನನ್ನ ಉತ್ತರ. ತಮಗೆ ಗೊತ್ತಿರುವಷ್ಟನ್ನು ಮಗುವಿಗೆ ಹೇಳಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಹೇಳಿ, ಹಬ್ಬದಲ್ಲಿ ಅದಕ್ಕೊಂದು ನಿಜವಾದ ಕೆಲಸ ಕೊಡಿ. ಮುಂದಿನ ವರ್ಷ, 1972ರ ಅಕ್ಟೋಬರಿನಲ್ಲಿ, ಈ ಕ್ರಿಸ್‌ಮಸ್‌ಗೂ ಬರಲಾಗುವುದಿಲ್ಲ, ಮಾರ್ಚ್‌ನಲ್ಲಿ ರಜೆ ಕೇಳಿದ್ದೇನೆ ಎಂದು ಅಪ್ಪ ನನ್ನ ಹೆಸರಿಗೇ ಕಾಗದ ಬರೆದರು. ನಾನು ಒಂದು ದಿನ ಅತ್ತೆ. ಆಮೇಲೆ ಬಿದಿರಿನ ಸಲಾಕೆ ಕಟ್ಟಿ, ಬಣ್ಣದ ಕಾಗದ ಅಂಟಿಸಿ, ಪ್ರತಿ ವರ್ಷ ಅಪ್ಪ ಮಾಡುತ್ತಿದ್ದ ನಕ್ಷತ್ರದ ಗೂಡುದೀಪವನ್ನು ಅಜ್ಜಿಯ ಸಹಾಯದಿಂದ ನಾನೇ ಮಾಡಿದೆ. ಬಸ್ಸಿಗೆ ಕಾಯಲು ಹೋಗಲಿಲ್ಲ. ಬರೆದ ಹಾಗೆಯೇ ಅವರು ಮಾರ್ಚ್‌ನಲ್ಲಿ ಬಂದರು.